ಕೆಟಮಿನ್ ಕೊಟ್ಟ ನಾಯಿ ಕಣ್ಣು ತೆರೆದೇ ಇತ್ತು, ಅದಕ್ಕೆ ನೋವಾಗಿತ್ತಾ?

ಹುಬ್ಬಳ್ಳಿಯಲ್ಲಿ ನಿಮ್ಮ ನಾಯಿಗೆ ಗರ್ಭಕೋಶದ ಆಪರೇಷನ್ ಆಯಿತು, ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಕೊಟ್ಟಿದ್ದರು, ಕಣ್ಣು ತೆರೆದೇ ಇತ್ತು, ಒಂದು ಸಲ ಕಾಲನ್ನೂ ಎಳೆದುಕೊಂಡಿತು ಅಂತ ಬರೆದಿದ್ದೀರಿ. ಅದಕ್ಕೆಲ್ಲ ಗೊತ್ತಾಗ್ತಿತ್ತಾ ಅನ್ನೋದು ನಿಮ್ಮ ಸಂಕಟ.

ನಾನು ಗದಗ ಜಿಲ್ಲೆಯಲ್ಲಿ ದನದ ಡಾಕ್ಟರ್. ಮೊದಮೊದಲು ನನಗೂ ಹೀಗೇ ಆಗುತ್ತಿತ್ತು. ಕಣ್ಣು ಒಣಗಬಾರದು ಅಂತ ಮುಲಾಮು ಹಚ್ಚುವಾಗ, ನಾಯಿ ನನ್ನನ್ನೇ ನೋಡುತ್ತಿದೆ ಅನಿಸಿ ಕೈ ನಿಂತುಬಿಡುತ್ತಿತ್ತು.

ಕೆಟಮಿನ್ ಬರಿಸುವುದು ಮಾಮೂಲಿ ನಿದ್ದೆಯಲ್ಲ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಎನ್‌ಎಂಡಿಎ ಅನ್ನುವ ಬಾಗಿಲನ್ನು ಅದು ಮುಚ್ಚುತ್ತದೆ. ಮುಂದೇನಾಗುತ್ತದೆ ಅಂತ 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಲ್ಯಾಬಿನ ಚಿಕ್ಕ ಇಲಿಗಳಿಗೆ ಕೆಟಮಿನ್ ಕೊಟ್ಟು ನೋಡಿದರು. ಮಿದುಳಿನ ಹಿಂಬದಿಯ ಒಂದು ಜಾಗದಲ್ಲಿ ನರಕೋಶಗಳು ಸೆಕೆಂಡಿಗೆ 1ರಿಂದ 3 ಸಲ ಒಟ್ಟಿಗೇ ಮಿಡಿಯತೊಡಗಿದವು. ಆ ಇಲಿಗಳನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟರೆ ಕಾಲು ಝಾಡಿಸಿದವು, ಆದರೆ ನೆಕ್ಕಿಕೊಳ್ಳಲಿಲ್ಲ. ಸುಟ್ಟ ಕಾಲನ್ನು ನೆಕ್ಕದ ಪ್ರಾಣಿ ಎಲ್ಲಾದರೂ ಉಂಟಾ? ಬಿಸಿ ತಾಗಿದ್ದು ಮೈಗೆ ಗೊತ್ತಾಗಿದೆ, ಅದರ ಸಂಕಟ ಮಾತ್ರ ಮುಟ್ಟಿಲ್ಲ. ಔಷಧಿಯೇ ಇಲ್ಲದೆ, ಮಿದುಳಿನ ಆ ಜಾಗಕ್ಕೆ ಬೆಳಕು ಹಾಯಿಸಿ ಅದೇ ಮಿಡಿತ ಎಬ್ಬಿಸಿದಾಗಲೂ ಇಲಿಗಳು ಹಾಗೇ ನಡೆದುಕೊಂಡವು.

ಇಲಿ ಬಾಯಿಬಿಟ್ಟು ಹೇಳಲ್ಲ, ಅಲ್ವಾ? ಆದರೆ ಮೂರ್ಛೆರೋಗ ಇದ್ದ ಒಬ್ಬ ರೋಗಿಯ ಮಿದುಳಿನಲ್ಲೂ ಸ್ಟ್ಯಾನ್‌ಫರ್ಡ್‌ನವರಿಗೆ ಇಂಥದೇ ಮಿಡಿತ ಸಿಕ್ಕಿತು. ಅದು ಬಂದಾಗೆಲ್ಲ ಆ ರೋಗಿಗೆ ತಮ್ಮಿಂದ ತಾವೇ ಬೇರೆಯಾದಂತೆ ಅನಿಸುತ್ತಿತ್ತು.

ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕುರಿಗಳಿಗೆ ಕೆಟಮಿನ್ ಕೊಟ್ಟು ನೋಡಿದರು. ಕುರಿ ಅಂದರೆ ನಮ್ಮ ಕಡೆಯವರಿಗೆ ಕುತೂಹಲ ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ. ಕಿಲೋಗೆ 24 ಮಿಲಿಗ್ರಾಂ ಕೊಟ್ಟಾಗ ಹೆಚ್ಚಿನ ಕುರಿಗಳಲ್ಲಿ ಮಿದುಳಿನ ಮೇಲ್ಪದರದ ವಿದ್ಯುತ್ ಅಲೆ ಕೆಲವು ನಿಮಿಷ ಪೂರ್ತಿ ನಿಂತೇ ಹೋಯಿತು. ಆಮೇಲೆ ಕುರಿಗಳು ಎದ್ದು ಮೊದಲಿನ ಹಾಗೇ ಆದವು.

ಹಾಗಾಗಿ ನಿಮ್ಮ ನಾಯಿ ಕಾಲೆಳೆದದ್ದು ಆ ಇಲಿ ಕಾಲು ಝಾಡಿಸಿದ ಹಾಗೇ ಇರಬಹುದು. ಆದರೂ ಹೊಟ್ಟೆಯ ಆಪರೇಷನ್‌ಗೆ ನಾನು ಬರೀ ಕೆಟಮಿನ್ ನಂಬುವುದಿಲ್ಲ. ಸ್ನಾಯು ಬಿಗಿಯಾಗಿಯೇ ಇರುತ್ತದೆ, ಒಳಗಿನ ನೋವಿಗೂ ಅದೊಂದೇ ಸಾಲದು. ಜೊತೆಗೆ ಸ್ನಾಯು ಸಡಿಲಿಸುವ ಜೈಲಾಜಿನ್ ಮತ್ತು ನೋವಿನ ಇಂಜೆಕ್ಷನ್ ಕೊಡುತ್ತೇನೆ. ನಿಮ್ಮ ಡಾಕ್ಟರ್ ಏನು ಕೊಟ್ಟಿದ್ದರು ಅಂತ ಸಂಕೋಚ ಇಲ್ಲದೆ ಕೇಳಿ. ಮತ್ತೆ ಯಾವಾಗಲಾದರೂ ಕೆಟಮಿನ್ ಕೊಟ್ಟರೆ, ಎಚ್ಚರ ಆಗುವ ಹೊತ್ತಿಗೆ ಕೋಣೆ ಕತ್ತಲಾಗಿರಲಿ, ಟಿವಿ ಆಫ್ ಮಾಡಿ, ಸುಮ್ನೆ ಮುಟ್ಟಿ ಎಬ್ಬಿಸಬೇಡಿ. ಆಗ ಅದು ತುಂಬಾ ಬೆಚ್ಚುತ್ತದೆ.