ಮಾರಿಸ್ ಮೈನರ್ ಟ್ರಾವೆಲರ್: ಕಿಟಕಿ ಕೆಳಗೆ ಕಪ್ಪಾದ ಮರ

ಮಾರಿಸ್ ಮೈನರ್ ಟ್ರಾವೆಲರ್ ಅಂದರೆ ಹಿಂಭಾಗಕ್ಕೆ ಮರದ ಚೌಕಟ್ಟಿರುವ ಹಳೆಯ ಬ್ರಿಟಿಷ್ ಕಾರು. ನೀವು ಕೊಳ್ಳಲು ನೋಡುತ್ತಿರುವ ಗಾಡಿಯ ಫೋಟೋದಲ್ಲಿ ಜಾರುವ ಕಿಟಕಿಯ ಕೆಳಗೆ ಮರ ಕಪ್ಪಾಗಿದೆ ಅಂದರೆ ಬಹುಶಃ ಅದರ ಚಾನೆಲ್‌ನಲ್ಲಿ (ಕಿಟಕಿ ಜಾರುವ ತೋಡಿನಲ್ಲಿ) ನೀರು ನಿಂತು ಕೊಳೆಯಲು ಶುರುವಾಗಿದೆ. ಬರೀ ವಾರ್ನಿಶ್ ಎದ್ದಿರಲೂಬಹುದು, ಫೋಟೋದಲ್ಲಿ ಗೊತ್ತಾಗುವುದಿಲ್ಲ. ಮಾಲೀಕರನ್ನು ಕೇಳಿ ಮೊದಲು ಹೆಬ್ಬೆರಳಲ್ಲಿ ಒತ್ತಿ, ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಚುಚ್ಚಿ ನೋಡಿ. ಒಳಗೆ ಇಳಿದರೆ ಆ ಗಾಡಿ ಬೇಡ. ಇದರಲ್ಲಿ ಆ್ಯಶ್ ಮರ ಅಂದಕ್ಕಲ್ಲ, ಹಿಂದಿನ ಬಾಡಿಯನ್ನು ಹಿಡಿದಿರುವುದೇ ಅದು. ಚಾನೆಲ್‌ನಲ್ಲಿ ಪಾಚಿ ಇದೆಯಾ, ಹಿಂಬಾಗಿಲು ಜೋತಿದೆಯಾ ನೋಡಿ. ನಂತರ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಲೀಫ್ ಸ್ಪ್ರಿಂಗ್ (ಹಿಂಚಕ್ರದ ಪಟ್ಟಿ ಸ್ಪ್ರಿಂಗ್) ಕೂತ ಜಾಗದಲ್ಲಿ ತುಕ್ಕು ಹುಡುಕಿ. ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಗಾಡಿಗೆ ಸಾಮಾನ್ಯವಾಗಿ ಎಂಒಟಿ (ಗಾಡಿ ರಸ್ತೆಗೆ ಸುರಕ್ಷಿತವೇ ಎಂದು ನೋಡುವ ವಾರ್ಷಿಕ) ತಪಾಸಣೆ ಕಡ್ಡಾಯವಲ್ಲ, ಹಾಗಾಗಿ ಮಾಲೀಕರು ‘ಪೂರ್ತಿ ರೆಸ್ಟೋರ್ ಮಾಡಿದೆ’ ಅಂದರೆ ಸುಮ್ನೆ ತಲೆಯಾಡಿಸಬೇಡಿ, ಹೊಸದಾಗಿ ಎಂಒಟಿ ಮಾಡಿಸಿ ಕೊಡಿ ಅನ್ನಿ. ಒಪ್ಪದಿದ್ದರೆ ಮುಂಗಡ ಕೊಡಬೇಡಿ.