ಮಗನ ಗಣಿತ ಮತ್ತು ‘ಒಳ್ಳೆಯ ಪ್ರಯತ್ನ’

ಅಮೆರಿಕಕ್ಕೆ ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ನಿಮಗೆ ಮಗನ ಗಣಿತದ ಚಿಂತೆ ಹತ್ತಿದೆ. ಆರನೇ ತರಗತಿಯಲ್ಲಿ ಉತ್ತರ ತಪ್ಪಿದರೂ ಶಿಕ್ಷಕಿ ‘ಒಳ್ಳೆಯ ಪ್ರಯತ್ನ’ ಎನ್ನುತ್ತಾರೆ, ರ‍್ಯಾಂಕ್ ಹೇಳುವುದಿಲ್ಲ, ಹುಡುಗ ಸೋಮಾರಿಯಾಗುವುದಿಲ್ಲವೇ, ಟ್ಯೂಷನ್‌ಗೆ ಸೇರಿಸಲೇ ಎಂದು ಕೇಳಿದ್ದೀರಿ. ಟ್ಯೂಷನ್ ಇಲ್ಲೂ ಬೇಕಾದಷ್ಟಿದೆ. ಒಂದು ವರ್ಷ ತಡೆಯಿರಿ. ಎರಡು ವರ್ಷಕ್ಕೆ ಮರಳಿದರೆ ಏನು ಗತಿ ಎಂದಿದ್ದೀರಿ. ನಾವೂ ಎರಡು ವರ್ಷಕ್ಕೆಂದೇ ಬಂದವರು.

ಬಂದ ಹೊಸತರಲ್ಲಿ ನಾನು ಪದವಿ ವಿದ್ಯಾರ್ಥಿಗಳಿಗೆ ಲೆಕ್ಕ ಹೇಳಿಕೊಡುವ ಸಹಾಯಕನಾಗಿದ್ದೆ. ಒಬ್ಬಾಕೆ ನಗುನಗುತ್ತಲೇ ‘ನನಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎಂದಾಗ ನಾಚಿಕೆಪಟ್ಟವನು ನಾನು. ನಮ್ಮಲ್ಲಿ ಹಾಗೆ ಹೇಳಿಕೊಂಡು ಮನೆಗೆ ಹೋಗಲಾದೀತೇ? 1980ರ ದಶಕದಲ್ಲಿ ಹೆರಾಲ್ಡ್ ಸ್ಟೀವನ್ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂಡೈ, ತೈವಾನಿನ ತೈಪೆಗಳ ಮಕ್ಕಳನ್ನು ಹೋಲಿಸಿ ನೋಡಿದ್ದರು. ಅಮೆರಿಕದ ಮಕ್ಕಳು ಗಣಿತದಲ್ಲಿ ಹಿಂದೆ, ಅವರ ತಾಯಂದಿರು ತೃಪ್ತಿಯಲ್ಲಿ ಮುಂದೆ. ಪರಿಶ್ರಮಕ್ಕೆ ಹೆಚ್ಚು ಬೆಲೆ ಕೊಟ್ಟವರು ಜಪಾನಿನ ತಾಯಂದಿರು. ಅದನ್ನೋದಿ ನಾನು ಬೀಗಿದ್ದೇ ಬೀಗಿದ್ದು, ಅದರಲ್ಲಿ ಭಾರತದ ಸುದ್ದಿಯೇ ಇಲ್ಲದಿದ್ದರೂ! ಆಮೇಲೆ ಪಿಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಯ 2009ರ ಸುತ್ತಿಗೆ ಕುಳಿತ ತಮಿಳುನಾಡು, ಹಿಮಾಚಲ ಪ್ರದೇಶಗಳು ಪಟ್ಟಿಯ ತಳದಲ್ಲಿದ್ದವು.

ನನಗೆ ಪೆಟ್ಟು ಬಿದ್ದದ್ದು ಸಂಶೋಧನೆಗೆ ಇಳಿದ ಮೇಲೆ. ಪಠ್ಯಕ್ರಮವಿಲ್ಲ, ಅಂಕವಿಲ್ಲ, ಯಾರ ಮಗ ಮುಂದಿದ್ದಾನೆ ಎಂದು ವಿಚಾರಿಸುವವರಿಲ್ಲ. ಕೈ ಓಡಲೇ ಇಲ್ಲ. ಅನುಕಲನದಲ್ಲಿ ನನಗಿಂತ ಎಷ್ಟೋ ಹಿಂದಿದ್ದ ಸಹಪಾಠಿಯೊಬ್ಬ ಒಂದೇ ಸಮಸ್ಯೆಯನ್ನು ವಾರಗಟ್ಟಲೆ ಹಿಡಿದು ಕೂರುತ್ತಿದ್ದ. ಬಿಡಿಸಲಾಗದಿದ್ದರೂ ಮರುದಿನ ಉಲ್ಲಾಸದಿಂದಲೇ ಬರುತ್ತಿದ್ದ. ಸಿಇಟಿ ರ‍್ಯಾಂಕು ನನ್ನನ್ನು ಅಲ್ಲಿಯವರೆಗೆ ತಂದಿತ್ತು, ಮುಂದಕ್ಕೆ ಅದರಿಂದ ಉಪಯೋಗವಿರಲಿಲ್ಲ. ಡಾಕ್ಟರೇಟ್ ಅರ್ಧಕ್ಕೆ ಬಿಟ್ಟು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಸಂಬಳಕ್ಕೇನೂ ಕೊರತೆಯಾಗಲಿಲ್ಲ. ಆದರೆ ಅಷ್ಟು ವರ್ಷ ನಿದ್ದೆಗೆಟ್ಟು ಮಾಡಿದ ಗಣಿತ ನನಗೆ ಇಷ್ಟವಿತ್ತೇ, ಇಲ್ಲವೇ? ಇವತ್ತಿಗೂ ಹೇಳಲಾರೆ.

ಶಿಕ್ಷಕಿಯ ಹೊಗಳಿಕೆಗೆ ಹೆದರಬೇಡಿ. ಮಗ್ಗಿ ಮಾತ್ರ ಬಿಡಬೇಡಿ, ದಿನವೂ ಹೇಳಿಸಿ. ಎಷ್ಟು ಬಂತು ಎನ್ನುವ ಬದಲು ಹೇಗೆ ಬಿಡಿಸಿದೆ ಎಂದು ಕೇಳಿ, ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿ (ನಮಗೆ ಇದೇ ಕಷ್ಟ). ವರ್ಷ ಮುಗಿಯುವುದರೊಳಗೆ ಮುಂದಿನ ವರ್ಷ ಅವನಿಗೆ ಯಾವ ಮಟ್ಟದ ಗಣಿತ ವರ್ಗ ಎಂದು ಶಾಲೆಯಲ್ಲಿ ವಿಚಾರಿಸಿ. ಎಂಟನೆಯ ತರಗತಿಯಲ್ಲಿ ಬೀಜಗಣಿತ ಸಿಕ್ಕರೆ ಸಾಮಾನ್ಯವಾಗಿ ಹನ್ನೆರಡರ ಹೊತ್ತಿಗೆ ಕ್ಯಾಲ್ಕುಲಸ್‌ಗೆ ಬರುತ್ತಾರೆ. ಇದನ್ನು ಯಾರೂ ಕರೆದು ಹೇಳುವುದಿಲ್ಲ, ನಾವೇ ಹೋಗಿ ಕೇಳಬೇಕು.