ಅರ್ಧ ಮುಗಿದ ಕೆಲಸವನ್ನು ಸಮಾವೇಶಕ್ಕೆ ಒಯ್ಯಬಹುದೇ?

ನೀವು ಪಿಎಚ್‌ಡಿಯ ಎರಡನೆಯ ವರ್ಷದಲ್ಲಿದ್ದೀರಿ. ಕಾಸರಗೋಡಿನಲ್ಲಿ ನಡೆಯಲಿರುವ ಬಯೋಇನ್ಫರ್ಮ್ಯಾಟಿಕ್ಸ್ (ಜೀವಿಗಳ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಶಾಸ್ತ್ರ) ಸಂಶೋಧಕರ ಪ್ರಾದೇಶಿಕ ಸಮಾವೇಶಕ್ಕೆ ಸಂಶೋಧನೆಯನ್ನು ವಿವರಿಸುವ ಪೋಸ್ಟರ್ ಕೊಂಡೊಯ್ಯಲು ಮಾರ್ಗದರ್ಶಕರು ಹೇಳಿದ್ದಾರೆ, ಆದರೆ ನಿಮ್ಮ ಕೆಲಸ ಇನ್ನೂ ಅರ್ಧದಲ್ಲಿದೆ. ಇಷ್ಟು ಸಣ್ಣ ಸಭೆಗೆ ಹೋಗಿ ಪ್ರಯೋಜನವಿದೆಯೇ, ಅಥವಾ ಕೆಲಸ ಮುಗಿದ ಮೇಲೆ ಬೆಂಗಳೂರಿನ ದೊಡ್ಡ ಸಮ್ಮೇಳನಕ್ಕೇ ಹೋಗುವುದು ಲೇಸೇ ಎಂದು ಕೇಳಿದ್ದೀರಿ. ಹೋಗಿ, ಮತ್ತು ಅರ್ಧ ಮುಗಿದದ್ದನ್ನೇ ಒಯ್ಯಿರಿ ಎಂಬುದು ನನ್ನ ಉತ್ತರ. ಹೀಗೆ ಹೇಳಲು ನನಗೊಂದು ಸ್ವಂತ ಕಾರಣವಿದೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಅಡಿಕೆ ತೋಟದ ಮನೆಯಲ್ಲಿ ಬೆಳೆದವನು. ಸಂಶೋಧನೆಗೆ ಆರಿಸಿಕೊಂಡದ್ದು ಅಡಿಕೆಯ ಹಳದಿ ಎಲೆ ರೋಗ. ಅಡಿಕೆಯ ಕೊಳೆರೋಗವಾದ ಮಹಾಳಿಗೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವಾದರೂ ಇದೆ. ಹಳದಿ ರೋಗಕ್ಕೆ ಅಂಥ ಮದ್ದಿಲ್ಲ. ಇದಕ್ಕೆ ಕಾರಣವೆಂದು ಗುರುತಿಸಲಾಗಿರುವ ಫೈಟೋಪ್ಲಾಸ್ಮಾ ಎಂಬುದು ಕೋಶಭಿತ್ತಿಯೇ ಇಲ್ಲದ ಒಂದು ಬ್ಯಾಕ್ಟೀರಿಯಾ. ಅದು ಮರದ ಆಹಾರ ಸಾಗಿಸುವ ನಾಳಗಳೊಳಗೆ ಬದುಕುತ್ತದೆ, ಮತ್ತು ಅದನ್ನು ಬೇರ್ಪಡಿಸಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವುದು ಬಲು ಕಷ್ಟ. ಆದ್ದರಿಂದ ರೋಗ ತಗಲಿದ ಗರಿಯಿಂದ ಒಟ್ಟು ಡಿಎನ್ಎ ತೆಗೆದು, ಅದನ್ನು ಸೀಕ್ವೆನ್ಸ್ ಮಾಡಿಸಿ (ಅಕ್ಷರ ಅಕ್ಷರವಾಗಿ ಓದಿಸಿ), ಸಿಕ್ಕ ಕೋಟ್ಯಂತರ ತುಣುಕುಗಳಲ್ಲಿ ಮರದ್ದು ಯಾವುದು, ರೋಗಾಣುವಿನದ್ದು ಯಾವುದು ಎಂದು ಕಂಪ್ಯೂಟರಿನಲ್ಲೇ ಆರಿಸಬೇಕಾಗುತ್ತದೆ. ಗದ್ದೆಯ ಮಣ್ಣಿನಲ್ಲಿ ಬಿದ್ದ ಸಾಸಿವೆ ಹೆಕ್ಕುವಂಥ ಕೆಲಸ ಇದು.

ಬ್ಯಾಕ್ಟೀರಿಯಾಗಳ ಡಿಎನ್ಎ ಮಾತ್ರ ಇರುವ ಒಂದು ಸಂಗ್ರಹದೊಂದಿಗೆ ನನ್ನ ತುಣುಕುಗಳನ್ನು ಬ್ಲಾಸ್ಟ್ ಎಂಬ ತಂತ್ರಾಂಶದ ಮೂಲಕ ಹೋಲಿಸಿ, ಹೊಂದಿಕೆಯಾದವನ್ನೆಲ್ಲ ಒಟ್ಟುಗೂಡಿಸಿ ಜೋಡಿಸಿದ್ದೆ. ತುಣುಕುಗಳು ಒಂದಕ್ಕೊಂದು ಸೇರಿ ರೂಪುಗೊಂಡ ಸರಪಳಿಗಳಾದ ಉದ್ದನೆಯ ಕಾಂಟಿಗ್‌ಗಳು ಬಂದವು, ಅವುಗಳಲ್ಲಿ ಒಂದರಲ್ಲಿ ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಜೀನೂ ಸಿಕ್ಕಿತು. ಆರು ತಿಂಗಳು ಅದನ್ನೇ ರೋಗಾಣುವಿನ ಜೀನೋಮು (ಪೂರ್ಣ ಡಿಎನ್ಎ) ಎಂದು ನಂಬಿದ್ದೆ. ಆಗ ನಮ್ಮ ಜಿಲ್ಲೆಯಲ್ಲೇ ನಡೆದ, ನೂರು ಜನವೂ ಸೇರಿರದ ಒಂದು ಸಮಾವೇಶದಲ್ಲಿ ಪೋಸ್ಟರ್ ಅಂಟಿಸಿ ಅದರ ಪಕ್ಕದಲ್ಲಿ ನಿಂತೆ.

ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಲೇ ಬಂದ ಹಿರಿಯ ವಿಜ್ಞಾನಿಯೊಬ್ಬರು ನನ್ನ ವಿವರಣೆಯನ್ನು ಕೇಳಿಸಿಕೊಳ್ಳದೆ, ಮೂಲೆಯಲ್ಲಿ ಸಣ್ಣದಾಗಿ ಹಾಕಿದ್ದ ಜಿಸಿ ಪ್ರಮಾಣದ (ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ, ಅಂದರೆ ಬೇಸ್‌ಗಳಲ್ಲಿ, ಜಿ ಮತ್ತು ಸಿಗಳ ಶೇಕಡಾವಾರು ಪಾಲು) ನಕ್ಷೆಯ ಮೇಲೆ ಬೆರಳಿಟ್ಟರು. "ಇದು ಮೂವತ್ತೇಳರ ಹತ್ತಿರ ಉಂಟಲ್ಲ ಮಾರಾಯರೇ, ಫೈಟೋಪ್ಲಾಸ್ಮಾದ್ದು ಮೂವತ್ತು ದಾಟುವುದುಂಟಾ?" ಎಂದರು. ನಾನು ಉತ್ತರ ಹುಡುಕುತ್ತಿದ್ದಂತೆ, "ಅಡಿಕೆಯ ಕ್ಲೋರೋಪ್ಲಾಸ್ಟನ್ನು ಮೊದಲು ತೆಗೆದಿದ್ದೀರಾ?" ಎಂದು ಕೇಳಿದರು. ತೆಗೆದಿರಲಿಲ್ಲ.

ಕ್ಲೋರೋಪ್ಲಾಸ್ಟ್ ಎಂದರೆ ಎಲೆಗೆ ಹಸಿರು ಕೊಟ್ಟು, ಬೆಳಕಿನಿಂದ ಆಹಾರ ತಯಾರಿಸುವ ಕೋಶದೊಳಗಿನ ಭಾಗ. ಅದು ಬಹು ಹಿಂದೆ ಬ್ಯಾಕ್ಟೀರಿಯಾವೇ ಆಗಿದ್ದುದರಿಂದ ಅದಕ್ಕೂ ತನ್ನದೇ 16ಎಸ್ ಜೀನ್ ಇದೆ. ನಾನು ಹೋಲಿಸಿದ ಸಂಗ್ರಹದಲ್ಲಿ ಸಸ್ಯಗಳ ಡಿಎನ್ಎಯೇ ಇಲ್ಲದಿದ್ದ ಕಾರಣ ಅದು ಸಹಜವಾಗಿ ಹತ್ತಿರದ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡಿತ್ತು. ತೆಂಗಿನಂಥ ತಾಳೆ ಜಾತಿಯ ಮರಗಳ ಕ್ಲೋರೋಪ್ಲಾಸ್ಟ್ ಜೀನೋಮು ಸುಮಾರು 1.5 ಲಕ್ಷ ಬೇಸ್‌ಗಳಷ್ಟು ದೊಡ್ಡದು, ಅದರ ಜಿಸಿ ಪ್ರಮಾಣ ಶೇ. 37ರ ಆಸುಪಾಸು. ನಕ್ಷೆಯಲ್ಲಿ ಕಂಡದ್ದು ಅದೇ ಅಂಕಿ. ಪೋಸ್ಟರಿನಲ್ಲಿ ನಾನು ಮೆರೆಸುತ್ತಿದ್ದದ್ದು ರೋಗಾಣುವನ್ನಲ್ಲ, ಎಲೆಯ ಹಸಿರನ್ನು!

ಅವರು ಮುಕ್ಕಾಲು ಗಂಟೆ ಅಲ್ಲೇ ನಿಂತರು. ಕುರ್ಚಿ ಎಳೆದುಕೊಂಡು, ನನ್ನ ಲ್ಯಾಪ್‌ಟಾಪಿನಲ್ಲಿ ಕಡತಗಳನ್ನು ತೆರೆಸಿ, ಯಾವುದನ್ನು ಮೊದಲು ಕಳೆಯಬೇಕು, ಉಳಿದದ್ದರಲ್ಲಿ ಜಿಸಿ ಕಡಿಮೆ ಇರುವ ಕಾಂಟಿಗ್‌ಗಳನ್ನು ಹೇಗೆ ಬೇರ್ಪಡಿಸಬೇಕು ಎಂದು ತೋರಿಸಿದರು. ಸಾವಿರಾರು ಜನ ಸೇರುವ ಸಮ್ಮೇಳನದಲ್ಲಿ ಪೋಸ್ಟರಿಗೆ ಸಿಗುವುದು ಎರಡು ನಿಮಿಷ ಮತ್ತು ಒಂದು ಮುಗುಳ್ನಗೆ ಎಂಬುದು ನನ್ನ ಅನುಭವ. ದೊಡ್ಡ ಸಮ್ಮೇಳನ ಬೇಡವೆನ್ನುತ್ತಿಲ್ಲ, ಅಲ್ಲಿಗೆ ಮುಗಿದ ಕೆಲಸ ಒಯ್ಯಿರಿ. ತಪ್ಪು ಸಿಗಬೇಕಾದದ್ದು ಇಂಥ ಸಣ್ಣ ಸಭೆಯಲ್ಲಿ.

ಕಾಸರಗೋಡು ಇಂಥ ಸಭೆಗೆ ಮೂಲೆಯ ಊರೆಂದು ಭಾವಿಸಬೇಡಿ. ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮೂಲ 1916ರಷ್ಟು ಹಿಂದಿನ ತೆಂಗು ಸಂಶೋಧನಾ ಕೇಂದ್ರ. ಬೇರು ಸೊರಗು ರೋಗವನ್ನು ತಾಳಿಕೊಳ್ಳುವ ಚಾವಕ್ಕಾಡ್ ಹಸಿರು ಗಿಡ್ಡ ತೆಂಗಿನ ಜೀನೋಮು ಜೋಡಿಸಿದ್ದು ಅಲ್ಲಿಯವರೇ. ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮಂಗಳೂರಿನ ಬಳಿಯ, ವಿಶ್ವವಿದ್ಯಾಲಯಗಳಿರುವ ಕೊಣಾಜೆ, ದೇರಳಕಟ್ಟೆಗಳಿಂದ ಬರುವವರು ಬೆಳಿಗ್ಗೆ ಬಂದು ಸಂಜೆಗೆ ಮನೆ ಸೇರಬಹುದು. ಉಪನ್ಯಾಸ ಇಂಗ್ಲಿಷಿನಲ್ಲಿ ನಡೆದರೂ ಪೋಸ್ಟರಿನ ಮುಂದೆ ಮಾತು ಕನ್ನಡ, ಮಲಯಾಳ, ತುಳುಗಳಿಗೆ ಜಾರುತ್ತದೆ, ಹಾಗೆ ಜಾರಿದಾಗಲೇ ಜನ ಸಂಕೋಚ ಬಿಟ್ಟು ನಿಜವಾದ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಕಂಡಿದ್ದೇನೆ.

ಪ್ರಕಟಿಸದ ಕೆಲಸವನ್ನು ತೋರಿಸಿದರೆ ಯಾರಾದರೂ ಕದ್ದಾರು ಎಂಬ ಭಯವನ್ನೂ ನೀವು ತೋಡಿಕೊಂಡಿದ್ದೀರಿ. ಈ ಭಯ ಪೂರ್ತಿ ಸುಳ್ಳಲ್ಲ, ಆದರೆ ಇದಕ್ಕೆ ದಾರಿಯುಂಟು. ಮೂಲ ದತ್ತಾಂಶವನ್ನು ಅಮೆರಿಕದ ಸಾರ್ವಜನಿಕ ದತ್ತಾಂಶ ಸಂಗ್ರಹವಾದ ಎನ್‌ಸಿಬಿಐಯಲ್ಲೋ, ಫರೀದಾಬಾದಿನಲ್ಲಿ 2022ರಲ್ಲಿ ಉದ್ಘಾಟನೆಗೊಂಡ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲೋ ಸಮಾವೇಶಕ್ಕೆ ಮೊದಲೇ ಜಮಾ ಮಾಡಿ ನೋಂದಣಿ ಸಂಖ್ಯೆ ಪಡೆಯಿರಿ. ಎನ್‌ಸಿಬಿಐಯಲ್ಲಿ ಬಿಡುಗಡೆಯ ದಿನವನ್ನು ಮುಂದಕ್ಕೆ ಹಾಕಿಸಿಕೊಳ್ಳಲೂಬಹುದು. ಮಾರ್ಗದರ್ಶಕರು ಒಪ್ಪಿದರೆ, ಪ್ರಕಟಣೆಗೆ ಮುಂಚಿನ ಬರಹಗಳನ್ನು ಇಡುವ ಜಾಲತಾಣ ಬಯೋಆರ್ಕೈವ್‌ನಲ್ಲಿ ಮುನ್‌ಪ್ರತಿ ಹಾಕಿದರೆ ದಿನಾಂಕಸಹಿತ ದಾಖಲೆಯೂ ಉಳಿಯುತ್ತದೆ.

ಪೋಸ್ಟರಿನ ಅಳತೆಯನ್ನು ಸುತ್ತೋಲೆ ನೋಡಿ ಖಚಿತಪಡಿಸಿಕೊಳ್ಳಿ. ಮಳೆಗಾಲವಾದರೆ ಕಾಗದ ಬೇಡ, ಬಟ್ಟೆಯ ಮೇಲೆ ಮುದ್ರಿಸಿ. ಅಂದದ ಚಿತ್ರಗಳಿಗಾಗಿ ಗುಣಮಟ್ಟದ ನಕ್ಷೆಗಳನ್ನು ತೆಗೆದುಹಾಕಬೇಡಿ. ನನ್ನ ಮಾರ್ಗದರ್ಶಕರು ಆ ಜಿಸಿ ನಕ್ಷೆಯನ್ನು ತೆಗೆಯಲು ಹೇಳಿದ್ದರು, ಜಾಗ ಖಾಲಿ ಕಾಣುತ್ತದೆಂದು ನಾನು ಉಳಿಸಿಕೊಂಡಿದ್ದೆ ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಮೂಲ ಕಡತಗಳು, ಬಳಸಿದ ತಂತ್ರಾಂಶಗಳ ಆವೃತ್ತಿ, ಕೊಟ್ಟ ಆದೇಶಗಳು ಎಲ್ಲವೂ ಇರಲಿ. ಸಾರಾಂಶದ ಕೊನೆಯಲ್ಲಿ "ಈ ಫಲಿತಾಂಶಗಳು ಮಹತ್ವದ್ದಾಗಿವೆ" ಎಂದು ಬರೆಯುವ ಬದಲು, ನೀವು ಸಿಕ್ಕಿಹಾಕಿಕೊಂಡಿರುವ ಜಾಗ ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಅದನ್ನು ಓದಿದವರಲ್ಲಿ ಒಬ್ಬರಾದರೂ ಊಟದ ನಂತರ ನಿಮ್ಮ ಪೋಸ್ಟರನ್ನು ಹುಡುಕಿಕೊಂಡು ಬರುತ್ತಾರೆ.